ಸಣ್ಣ ಕನ್ಸಲ್ಟೆನ್ಸಿಯಲ್ಲಿ ಜನ ನೆಲೆ ನಿಲ್ಲಬೇಕಾದರೆ: ಹಂತ ಹಂತವಾಗಿ

ರಿಕ್ರೂಟರ್ ಕೆಲಸದ ಕಷ್ಟ ಹೊರಗಿನವರಿಗೆ ಬೇಗ ಅರ್ಥವಾಗುವುದಿಲ್ಲ. ಬೆಳಿಗ್ಗೆಯಿಂದ ಪ್ರೊಫೈಲ್ ಜಾಲಾಡಿ, ಸಾಲುಸಾಲು ಫೋನ್ ಮಾಡಿ, "ಈಗ ಬೇಡ", "ಮೀಟಿಂಗ್‌ನಲ್ಲಿದ್ದೀನಿ", "ಎಷ್ಟು ಕೊಡ್ತಾರೆ, ಅದು ಹೇಳಿ ಮೊದಲು" ಎನ್ನುವ ಮಾತುಗಳನ್ನೆಲ್ಲ ಕೇಳಿ, ಕೊನೆಗೆ ಒಬ್ಬರನ್ನು ಒಪ್ಪಿಸಿ ಇಂಟರ್‌ವ್ಯೂಗೆ ಕಳಿಸಬೇಕು. ಮೂರು ಸುತ್ತು ದಾಟಿ ಆಫರ್ ಬಂದರೂ ಕೆಲಸ ಮುಗಿಯುವುದಿಲ್ಲ. ಐಟಿ ಕಂಪನಿಗಳಲ್ಲಿ ನೋಟಿಸ್ ಪೀರಿಯಡ್ ಎಂದರೆ 60 ದಿನ, ಎಷ್ಟೋ ಕಡೆ 90 ದಿನ. ಅಷ್ಟರಲ್ಲಿ ಆ ಕ್ಯಾಂಡಿಡೇಟ್‌ಗೆ ಇನ್ನೆರಡು ಆಫರ್ ಸಿಕ್ಕಿರುತ್ತದೆ, ಇಲ್ಲವೇ ಇದ್ದ ಕಂಪನಿಯೇ ಸಂಬಳ ಏರಿಸಿ ಉಳಿಸಿಕೊಂಡಿರುತ್ತದೆ.

ಸಾಮಾನು ಮಾರುವವರಿಗೆ ಕೊಳ್ಳುವವರು ಒಪ್ಪಿದರೆ ಸಾಕು. ಇಲ್ಲಿ ಕಂಪನಿಯೂ ಒಪ್ಪಬೇಕು, ಕ್ಯಾಂಡಿಡೇಟೂ ಒಪ್ಪಬೇಕು, ಒಪ್ಪಿದವರು ಹೇಳಿದ ದಿನ ಬಂದು ಸೇರಲೂ ಬೇಕು. ಇದ್ಯಾವುದೂ ರಿಕ್ರೂಟರ್ ಕೈಯಲ್ಲಿಲ್ಲ. ಹಾಗಾಗಿ ಇಂಥ ಕಚೇರಿಯ ವಾತಾವರಣ ಚೆನ್ನಾಗಿರಬೇಕೋ ಕೆಡಬೇಕೋ ಎನ್ನುವುದನ್ನು ನಿರ್ಧರಿಸುವುದು ಒಂದೇ ವಿಷಯ ಎಂದು ನಾನು ನಂಬಿದ್ದೇನೆ: ಈ ಅನಿಶ್ಚಿತತೆಯ ಭಾರ ಯಾರ ಹೆಗಲ ಮೇಲಿದೆ? ತಿಂಗಳಿಗೆ 25,000 ರೂ. ಸಂಬಳದ ಹುಡುಗಿಯ ಮೇಲೋ, ಫೀ ಪಡೆಯುವ ಮಾಲೀಕರ ಮೇಲೋ? ಶುಕ್ರವಾರದ ಪಿಜ್ಜಾ, ಗೋಡೆಯ ಮೇಲಿನ ಘೋಷವಾಕ್ಯ, ವರ್ಷಕ್ಕೊಮ್ಮೆಯ ರೆಸಾರ್ಟ್ ಪ್ರವಾಸ ಎಲ್ಲವೂ ಇದಾದ ಮೇಲೆ.

ಎಂಟು-ಹತ್ತು ಜನರ ಕನ್ಸಲ್ಟೆನ್ಸಿ ಈಗಷ್ಟೇ ಶುರು ಮಾಡಿದವರನ್ನೂ, ಶುರು ಮಾಡಿ ಒಂದೆರಡು ವರ್ಷವಾಗಿ, ತಯಾರು ಮಾಡಿದ ಹುಡುಗರೆಲ್ಲ ಬಿಟ್ಟು ಹೋಗುತ್ತಿರುವುದನ್ನು ನೋಡುತ್ತಿರುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಉದಾಹರಣೆಗಳೆಲ್ಲ ಬೆಂಗಳೂರಿನ ಐಟಿ ನೇಮಕಾತಿಯವು. ಕಾರ್ಖಾನೆಗೋ ಆಸ್ಪತ್ರೆಗೋ ಜನ ಹುಡುಕುವವರು ಅಂಕಿಗಳನ್ನು ತಮ್ಮ ಲೆಕ್ಕಕ್ಕೆ ತಿದ್ದಿಕೊಳ್ಳಬಹುದು.

ಹಂತ 1: ಒಂದು ವಾರ ಕೂತು ಕೇಳಿಸಿಕೊಳ್ಳಿ

ಏನನ್ನೂ ಬದಲಾಯಿಸುವ ಮೊದಲು ನಿಮ್ಮ ಕ್ಯಾಬಿನ್ ಬಿಟ್ಟು ಹೊರಗೆ ಬಂದು ಅವರ ಮಧ್ಯೆ ಒಂದು ವಾರ ಕೂರಿ. ತಪ್ಪು ಹಿಡಿಯಲು ಬೇಡ. ಯಾವ ಹೊತ್ತಿಗೆ ಫೋನ್ ಎತ್ತುತ್ತಾರೆ, ಯಾವ ಕ್ಲೈಂಟ್ ಹೆಸರು ಬಂದರೆ ಹುಡುಗರ ಮುಖ ಸಪ್ಪಗಾಗುತ್ತದೆ, ಒಂದು ರಿಕ್ವೈರ್‌ಮೆಂಟ್ ಅರ್ಥವಾಗದಿದ್ದಾಗ ಯಾರನ್ನು ಕೇಳುತ್ತಾರೆ, ಕೇಳಲು ಹೆದರುತ್ತಾರಾ ಎಂದು ನೋಡಿ. ಒಂದು ಹಾಳೆಯಲ್ಲಿ ಎರಡು ಕಾಲಂ ಮಾಡಿ. ಎಡಗಡೆ ರಿಕ್ರೂಟರ್ ಕೈಯಲ್ಲಿರುವುದು: ಸರಿಯಾದ ಪ್ರೊಫೈಲ್ ಹುಡುಕುವುದು, ನಿಜ ಹೇಳುವುದು, ಇಂಟರ್‌ವ್ಯೂಗೆ ತಯಾರು ಮಾಡುವುದು, ನೋಟಿಸ್ ಪೀರಿಯಡ್‌ನಲ್ಲಿ ಸಂಪರ್ಕ ಬಿಡದಿರುವುದು. ಬಲಗಡೆ ಕೈಯಲ್ಲಿಲ್ಲದ್ದು: ಕ್ಲೈಂಟ್ ಹುದ್ದೆಯನ್ನೇ ರದ್ದು ಮಾಡುವುದು, ಬಜೆಟ್ ಇಳಿಸುವುದು, ಕ್ಯಾಂಡಿಡೇಟ್ ಮನಸ್ಸು ಬದಲಿಸುವುದು, ಬಿಲ್ ತಡವಾಗುವುದು. ಮುಂದಿನ ಹಂತಗಳಿಗೆಲ್ಲ ಈ ಹಾಳೆ ಬೇಕು.

ಹಂತ 2: ಸಂಬಳದ ತಾರೀಖು

ತಿಂಗಳ ಮೊದಲ ದಿನವೋ ಐದನೇ ದಿನವೋ, ಒಂದು ತಾರೀಖು ಹೇಳಿ. ಆಮೇಲೆ ಅದನ್ನು ತಪ್ಪಿಸಬೇಡಿ. ಕ್ಲೈಂಟ್ ದುಡ್ಡು ಬರಲಿಲ್ಲ ಎಂಬ ಕಾರಣ ಪಿಜಿ ಬಾಡಿಗೆ ಕಟ್ಟಬೇಕಾದವರಿಗೆ ಕಾರಣವೇ ಅಲ್ಲ. ಮೂರು ತಿಂಗಳ ಸಂಬಳ ಬ್ಯಾಂಕಿನಲ್ಲಿ ಬೇರೆಯಾಗಿ ಇಟ್ಟುಕೊಳ್ಳದೆ ಹೊಸಬರನ್ನು ಸೇರಿಸಿಕೊಳ್ಳಬೇಡಿ ಎಂದು ನಾನು ಯಾರಿಗಾದರೂ ಹೇಳುತ್ತೇನೆ.

ನೇಮಕಾತಿ ಪತ್ರ ಮೊದಲ ದಿನವೇ ಕೈಗೆ ಸಿಗಲಿ. ಹತ್ತು ಜನರಾದರೆ ಇಎಸ್‌ಐ ಬರುತ್ತದೆ (ತಿಂಗಳ ವೇತನ 21,000 ರೂ. ವರೆಗಿನವರಿಗೆ), ಇಪ್ಪತ್ತಾದರೆ ಪಿಎಫ್. ಈ ಸಂಖ್ಯೆ ಮುಟ್ಟಬಾರದೆಂದು ಒಂಬತ್ತಕ್ಕೋ ಹತ್ತೊಂಬತ್ತಕ್ಕೋ ನಿಲ್ಲಿಸಿ, ಉಳಿದವರನ್ನು ಪತ್ರವಿಲ್ಲದೆ ದುಡಿಸುವ ಕಚೇರಿಗಳಿವೆ. ಜನರಿಗೆ ಅದು ಗೊತ್ತಾಗುತ್ತದೆ. ಸಂಬಳ ಹೇಗೆ ಒಡೆಯುತ್ತಾರೆ, ಪತ್ರದಲ್ಲಿ ಏನಿರಬೇಕು ಎಂದು ದಿನವೂ ಇನ್ನೊಬ್ಬರಿಗೆ ವಿವರಿಸುವವರೇ ಅವರು!

ಹಂತ 3: ಇನ್ಸೆಂಟಿವ್ ನಿಯಮವನ್ನು ಒಂದು ಪುಟದಲ್ಲಿ ಬರೆಯಿರಿ

ಇಲ್ಲಿ ಸ್ವಲ್ಪ ನಿಲ್ಲೋಣ. ಸಣ್ಣ ಕನ್ಸಲ್ಟೆನ್ಸಿಗಳಲ್ಲಿ ಮನಸ್ಸು ಮುರಿಯುವುದು ಹೆಚ್ಚಾಗಿ ಇದೇ ಜಾಗದಲ್ಲಿ.

ಫೀ ಸಾಮಾನ್ಯವಾಗಿ ವರ್ಷದ ಸಿಟಿಸಿಯ 8.33 ಶೇಕಡ, ಅಂದರೆ ಒಂದು ತಿಂಗಳ ಸಂಬಳದಷ್ಟು. ಒಬ್ಬ ಡೆವಲಪರ್ 9 ಲಕ್ಷಕ್ಕೆ ಸೇರಿದರೆ ಫೀ ಸುಮಾರು 75,000 ರೂ. ಅದರ ಮೇಲೆ 18 ಶೇಕಡ ಜಿಎಸ್‌ಟಿ, ಒಟ್ಟು ಬಿಲ್ 88,500. ಕ್ಲೈಂಟ್ ಜೊತೆಗಿನ ಒಪ್ಪಂದದಲ್ಲಿ ರಿಪ್ಲೇಸ್‌ಮೆಂಟ್ ಷರತ್ತೂ ಇರುತ್ತದೆ: ಸೇರಿದವರು 60 ಅಥವಾ 90 ದಿನದೊಳಗೆ ಬಿಟ್ಟರೆ ಇನ್ನೊಬ್ಬರನ್ನು ಫೀ ಇಲ್ಲದೆ ಹುಡುಕಿಕೊಡಬೇಕು.

ಈಗ ಒಬ್ಬ ರಿಕ್ರೂಟರ್ ಕಡೆಯಿಂದ ಕ್ಯಾಲೆಂಡರ್ ನೋಡಿ. ಸೆಪ್ಟೆಂಬರ್ ಮೊದಲ ವಾರ ಫೋನ್ ಮಾಡಿದಳು. ತಿಂಗಳ ಕೊನೆಗೆ ಆಫರ್ ಬಂತು. 90 ದಿನ ನೋಟಿಸ್ ಮುಗಿಸಿ ಕ್ಯಾಂಡಿಡೇಟ್ ಸೇರಿದ್ದು ಜನವರಿಯಲ್ಲಿ. ಕ್ಲೈಂಟ್ ದುಡ್ಡು ಕೊಟ್ಟಿದ್ದು ಮಾರ್ಚ್‌ನಲ್ಲಿ. ಗ್ಯಾರಂಟಿ ಅವಧಿ ಮುಗಿದಿದ್ದು ಏಪ್ರಿಲ್‌ನಲ್ಲಿ. "ದುಡ್ಡು ಬಂದು, ಗ್ಯಾರಂಟಿಯೂ ಮುಗಿದ ಮೇಲೆ ಇನ್ಸೆಂಟಿವ್" ಎಂಬ ನಿಯಮವಿದ್ದರೆ ಅವಳ ಕೈಗೆ ಹಣ ಸಿಗುವುದು ಮೇ ತಿಂಗಳಲ್ಲಿ. ಅದರ ಜೊತೆಗೆ "ಪಾವತಿಯ ದಿನ ಕಂಪನಿಯಲ್ಲಿರಬೇಕು" ಎಂಬ ಇನ್ನೊಂದು ಸಾಲು ಇದ್ದರೆ, ಏಪ್ರಿಲ್‌ನಲ್ಲಿ ಬಿಟ್ಟವಳಿಗೆ ಅದೂ ಇಲ್ಲ. ಎಂಟು ತಿಂಗಳ ಹಿಂದೆ ಮಾಡಿದ ಕೆಲಸಕ್ಕೆ ಸಿಕ್ಕ ಹಣವನ್ನು ಯಾರೂ ಬಹುಮಾನ ಎಂದು ಅನುಭವಿಸುವುದಿಲ್ಲ. ಹಳೇ ಬಾಕಿ ತೀರಿತು ಎಂದುಕೊಳ್ಳುತ್ತಾರೆ, ಅಷ್ಟೆ.

ಬದಲಿಗೆ ಹೀಗೆ ಬರೆಯಬಹುದು. ಇನ್ಸೆಂಟಿವ್ ಫೀಯ 8 ಶೇಕಡ ಎಂದಿಟ್ಟುಕೊಳ್ಳಿ, ಮೇಲಿನ ಉದಾಹರಣೆಯಲ್ಲಿ 6,000 ರೂ. ಅದರ 40 ಶೇಕಡ, ಅಂದರೆ 2,400 ರೂ., ಕ್ಯಾಂಡಿಡೇಟ್ ಸೇರಿದ ತಿಂಗಳ ಸಂಬಳದ ಜೊತೆಗೇ. ಉಳಿದ 3,600 ಕ್ಲೈಂಟ್ ಹಣ ಬಂದಾಗ, ಅಥವಾ ಸೇರಿ 60 ದಿನವಾದಾಗ, ಯಾವುದು ಮೊದಲೋ ಆಗ. ಕೊಟ್ಟದ್ದನ್ನು ವಾಪಸ್ ಕೇಳುವಂತಿಲ್ಲ. ಕ್ಯಾಂಡಿಡೇಟ್ ಮಧ್ಯದಲ್ಲೇ ಬಿಟ್ಟುಹೋದರೆ ನಷ್ಟ ಕಂಪನಿಯದು. ರಿಪ್ಲೇಸ್‌ಮೆಂಟ್ ಹುಡುಕಿದವರಿಗೆ ಹೊಸ ಫೀ ಇಲ್ಲದಿದ್ದರೂ 1,000 ರೂ. ನಿಗದಿ ಮಾಡಿ, ಯಾಕೆಂದರೆ ದುಡಿಮೆ ಅಷ್ಟೇ ಇರುತ್ತದೆ.

ಮಾಲೀಕರಿಗೆ ಇದು ಹೊರೆಯೇ? ಮುಂಗಡವಾಗಿ ಹೋಗುವುದು 2,400. ಕ್ಲೈಂಟ್ ಹಣ ಕೊಡುವ ಮೊದಲೇ ಸರ್ಕಾರಕ್ಕೆ ಕಟ್ಟಬೇಕಾಗಿ ಬರುವ 13,500 ರೂ. ಜಿಎಸ್‌ಟಿಯ ಮುಂದೆ ಅದು ಸಣ್ಣ ಮೊತ್ತ. ನಿಜವಾಗಿ ಸರಿಪಡಿಸಬೇಕಾದದ್ದು ಕ್ಲೈಂಟ್‌ನ ವಿಳಂಬ. ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ, ಆನ್‌ಲೈನ್‌ನಲ್ಲಿ ಉಚಿತ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ನೋಂದಾಯಿತ ಕಿರು ಮತ್ತು ಸಣ್ಣ ಉದ್ದಿಮೆಗೆ ಒಪ್ಪಂದವಿದ್ದರೂ 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬಡ್ಡಿ ಕೇಳಿ ಕ್ಲೈಂಟ್ ಜೊತೆ ಜಗಳ ಮಾಡಿ ಎಂದು ಹೇಳುತ್ತಿಲ್ಲ. ನೋಂದಣಿ ಸಂಖ್ಯೆ ಬಿಲ್ ಮೇಲೆ ಅಚ್ಚಾಗಿದ್ದರೆ ಅಕೌಂಟ್ಸ್ ವಿಭಾಗದಲ್ಲಿ ನಿಮ್ಮ ಬಿಲ್ ಮೇಲಕ್ಕೆ ಬರುತ್ತದೆ.

ಇನ್ನೊಂದು ಮಾತು. ಹಲವು ಕಚೇರಿಗಳಲ್ಲಿ ಸಂಬಳದ ಮೂರು ಪಟ್ಟು ಬಿಲ್ಲಿಂಗ್ ಆದ ಮೇಲೆಯೇ ಇನ್ಸೆಂಟಿವ್ ಶುರು. ಅನುಭವಿಗಳಿಗೆ ಸರಿ ಇರಬಹುದು. ಹೊಸಬರಿಗೆ ಮೊದಲ ಆರು ತಿಂಗಳು ಈ ಗಡಿ ತೆಗೆದುಬಿಡಿ. ಮೊದಲ ಜಾಯ್ನಿಂಗ್‌ನ ಹಣ ಕೈಗೆ ಬಂದಾಗಲೇ ಅವರಿಗೆ ಈ ಕೆಲಸದ ರುಚಿ ಹತ್ತುವುದು.

ಹಂತ 4: ಇದು ಯಾರ ಕ್ಯಾಂಡಿಡೇಟ್?

ಒಂದೇ ಕಚೇರಿಯ ಇಬ್ಬರು ಒಬ್ಬರಿಗೇ ಫೋನ್ ಮಾಡಿದ್ದಾರೆ. ಒಬ್ಬಳು ಜೂನ್‌ನಲ್ಲಿ ಮಾತಾಡಿದ್ದಳು, ಇನ್ನೊಬ್ಬ ಆಗಸ್ಟ್‌ನಲ್ಲಿ ಒಪ್ಪಿಸಿ ಕಳಿಸಿದ. ಸೇರಿದ ದಿನ ಜಗಳ ಶುರು. ಆಮೇಲೆ ಪ್ರತಿಯೊಬ್ಬರೂ ತಮ್ಮ ಎಕ್ಸೆಲ್ ಶೀಟ್ ಮುಚ್ಚಿಟ್ಟುಕೊಳ್ಳುತ್ತಾರೆ.

ನಿಯಮ ಸರಳವಾಗಿರಲಿ. ಎಲ್ಲರಿಗೂ ಒಂದೇ ಟ್ರ್ಯಾಕರ್. ಯಾರ ಮೇಲ್‌ಗೆ ಕ್ಯಾಂಡಿಡೇಟ್ "ಈ ಹುದ್ದೆಗೆ ನನ್ನ ರೆಸ್ಯೂಮೆ ಕಳಿಸಿ" ಎಂದು ಒಪ್ಪಿಗೆ ಕೊಟ್ಟಿದ್ದಾರೋ ಅವರದು, 60 ದಿನದವರೆಗೆ. ಒಬ್ಬರು ಹುಡುಕಿ ಇನ್ನೊಬ್ಬರು ಕೊನೆಯವರೆಗೆ ನಡೆಸಿಕೊಂಡು ಹೋದರೆ ಇನ್ಸೆಂಟಿವ್ 50-50. ಕ್ಲೈಂಟ್ ಜೊತೆ ಮಾತಾಡುವ ಹಿರಿಯರಿಗೆ ಬೇರೆ ಪಾಲು ಇಡಿ, ಕಿರಿಯರ ಪಾಲಿನಿಂದ ಕತ್ತರಿಸಬೇಡಿ. ಜಗಳ ಬಂದ ಮೇಲೆ ನಿಯಮ ಮಾಡಲು ಹೋದರೆ ಅದು ಯಾರದೋ ಪರವಾಗಿ ಕಾಣಿಸಿಯೇ ಕಾಣಿಸುತ್ತದೆ. ಅದಕ್ಕೇ ಮೊದಲೇ ಬರೆದಿಡುವುದು.

ಹಂತ 5: ಎಣಿಸುವುದನ್ನು ಬದಲಿಸಿ

"ದಿನಕ್ಕೆ 60 ಕಾಲ್, 8 ಲೈನ್‌ಅಪ್" ಎಂದು ಬೋರ್ಡ್ ಮೇಲೆ ಬರೆದರೆ 60 ಕಾಲ್ ಆಗುತ್ತದೆ, 8 ಹೆಸರೂ ಬರುತ್ತವೆ. ಅದರಲ್ಲಿ ಮೂವರು ಇಂಟರ್‌ವ್ಯೂಗೆ ಬರುವುದಿಲ್ಲ, ಇಬ್ಬರಿಗೆ ಕಂಪನಿಯ ಹೆಸರೇ ಗೊತ್ತಿರುವುದಿಲ್ಲ. ಸಂಜೆಗೆ ಲೆಕ್ಕ ತುಂಬಿಸುವ ಅವಸರದಲ್ಲಿ ಹೆಸರು ತುರುಕಿದ್ದಾರೆ. ಅದು ಅವರ ತಪ್ಪಲ್ಲ, ನಾವು ಕೇಳಿದ್ದು ಸಂಖ್ಯೆಯನ್ನೇ.

ಮೊದಲ ಹಂತದ ಹಾಳೆಯ ಎಡಗಡೆಯ ಕಾಲಂ ತೆಗೆಯಿರಿ. ಕಳಿಸಿದ ಐದು ಪ್ರೊಫೈಲ್‌ನಲ್ಲಿ ಎಷ್ಟು ಶಾರ್ಟ್‌ಲಿಸ್ಟ್ ಆದವು? ಲೈನ್‌ಅಪ್ ಆದವರಲ್ಲಿ ಎಷ್ಟು ಜನ ಇಂಟರ್‌ವ್ಯೂಗೆ ಹಾಜರಾದರು? ಆಯ್ಕೆಯಾಗದವರಿಗೆ ಫೋನ್ ಮಾಡಿ ತಿಳಿಸಿದ್ದಾರಾ? ಈ ಮೂರು ಸಾಕು. ಐದರಲ್ಲಿ ಮೂರು ಶಾರ್ಟ್‌ಲಿಸ್ಟ್ ಆದ ವಾರಕ್ಕೆ 500 ರೂ. ಇಡಿ, ಯಾರೂ ಸೇರದಿದ್ದರೂ ಸರಿ. ಹುದ್ದೆಯನ್ನು ಕ್ಲೈಂಟ್ ರದ್ದು ಮಾಡಿದ ವಾರವೂ ಚೆನ್ನಾಗಿ ಕೆಲಸ ಮಾಡಿದವರು ಚೆನ್ನಾಗಿ ಕೆಲಸ ಮಾಡಿದವರೇ ಎಂದು ಅವರಿಗೆ ಗೊತ್ತಾಗಲಿ. ವಾರದ ಮೀಟಿಂಗ್ ಮಂಗಳವಾರ ಇಟ್ಟುಕೊಳ್ಳಿ, ಅರ್ಧ ಗಂಟೆ. ಸೋಮವಾರ ಬೇಡ, ಕಾರಣ ಮುಂದೆ ಬರುತ್ತದೆ.

ಹಂತ 6: ಹೊತ್ತು, ರಜೆ, ಮತ್ತು ಫೋನ್ ನಂಬರ್

ಕೆಲಸದಲ್ಲಿರುವ ಕ್ಯಾಂಡಿಡೇಟ್ ಆಫೀಸಿನಲ್ಲಿ ಕೂತು ಇನ್ನೊಂದು ಕೆಲಸದ ಬಗ್ಗೆ ಮಾತಾಡಲಾರರು. ಅವರು ಸಿಗುವುದು ಬೆಳಿಗ್ಗೆ ಒಂಬತ್ತೂವರೆಗೆ ಮೊದಲು, ಊಟದ ಹೊತ್ತು, ಸಂಜೆ ಆರೂವರೆಯ ಮೇಲೆ. ಅಂದರೆ ರಿಕ್ರೂಟರ್ ಕೆಲಸ ಚುರುಕಾಗುವುದೇ ಉಳಿದವರು ಮನೆಗೆ ಹೊರಡುವಾಗ. ಎಲ್ಲರನ್ನೂ ಹತ್ತರಿಂದ ಎಂಟೂವರೆವರೆಗೆ ಕೂರಿಸುವುದು ಸುಲಭದ ದಾರಿ, ಕೆಟ್ಟ ದಾರಿ ಕೂಡ. ಸರದಿ ಮಾಡಿ: ಈ ವಾರ ಇಬ್ಬರು ಮಧ್ಯಾಹ್ನ ಹನ್ನೆರಡಕ್ಕೆ ಬಂದು ಸಂಜೆಯ ಕಾಲ್ ನೋಡಿಕೊಳ್ಳುತ್ತಾರೆ, ಉಳಿದವರು ಆರೂವರೆಗೆ ಎದ್ದು ಹೋಗುತ್ತಾರೆ. ಎದ್ದು ಹೋಗುವವರತ್ತ ಯಾರೂ ತಿರುಗಿ ನೋಡಬಾರದು, ಮಾಲೀಕರಂತೂ ನೋಡಲೇಬಾರದು. ಸಂಜೆ ಸರದಿಯವರಿಗೆ ಮನೆ ದೂರವಾದರೆ ಕ್ಯಾಬ್ ಖರ್ಚು ಕಂಪನಿಯದು.

ಕರ್ನಾಟಕದ ಕಾನೂನಿನಂತೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ರಜೆ. ಇದರ ಮೇಲೆ ಹಬ್ಬಗಳ ರಜೆ ಐದು. ಆ ಐದನ್ನು ಡಿಸೆಂಬರ್‌ನಲ್ಲೇ ಸಿಬ್ಬಂದಿಯೇ ಕೂತು ಆರಿಸಿಕೊಳ್ಳಲಿ. ಹಾಸನಕ್ಕೋ ಚಿತ್ರದುರ್ಗಕ್ಕೋ ಗೌರಿ ಹಬ್ಬಕ್ಕೆ ಹೋಗುವವರು ಬಸ್ ಟಿಕೆಟ್ ಮೊದಲೇ ಮಾಡಿಸಬೇಕು. 2025ರಲ್ಲಿ ಕರ್ನಾಟಕ ಸರ್ಕಾರ ತಿಂಗಳಿಗೊಂದು ದಿನ ಸಂಬಳಸಹಿತ ಋತುಚಕ್ರ ರಜೆಯ ನೀತಿ ತಂದಿತು. ಹೆಣ್ಣುಮಕ್ಕಳೇ ಹೆಚ್ಚಿರುವ ಇಂಥ ಕಚೇರಿಗಳು ಅದನ್ನು ಕಾರಣ ಕೇಳದೆ ಕೊಡಬೇಕು.

ಇನ್ನು ಫೋನ್. ರಿಕ್ರೂಟರ್ ತನ್ನ ಸ್ವಂತ ನಂಬರಿನಿಂದ ನೂರಾರು ಅಪರಿಚಿತರಿಗೆ ವಾಟ್ಸ್‌ಆ್ಯಪ್ ಮಾಡುತ್ತಾಳೆ. ಕೆಲಸದ ಮಾತು ಮುಗಿದು ತಿಂಗಳಾದ ಮೇಲೂ ಅವರಲ್ಲಿ ಒಬ್ಬ ದಿನಾ ಗುಡ್ ಮಾರ್ನಿಂಗ್ ಕಳಿಸುತ್ತಾನೆ, ಇನ್ನೊಬ್ಬ ರಾತ್ರಿ ಹನ್ನೊಂದಕ್ಕೆ ಡಿಪಿ ಚೆನ್ನಾಗಿದೆ ಎನ್ನುತ್ತಾನೆ. ಹೆಚ್ಚಿನವರು ಇದನ್ನು ಯಾರಿಗೂ ಹೇಳುವುದಿಲ್ಲ. ಪ್ರತಿಯೊಬ್ಬರಿಗೂ ಕಂಪನಿಯದೇ ಸಿಮ್ ಕೊಡಿ, ಮನೆಗೆ ಹೋಗುವಾಗ ಆ ಫೋನ್ ಡ್ರಾಯರ್‌ನಲ್ಲಿ ಇಟ್ಟು ಹೋಗಲಿ. ಇಂಥ ಮೆಸೇಜ್ ಕಳಿಸಿದ ಕ್ಯಾಂಡಿಡೇಟನ್ನು, ಅವನು ಎಷ್ಟೇ ಒಳ್ಳೆಯ ಪ್ರೊಫೈಲ್ ಆಗಿರಲಿ, ಅಂದೇ ಕೈಬಿಡಿ. ಹತ್ತು ಅಥವಾ ಹೆಚ್ಚು ಜನರಿದ್ದರೆ 2013ರ ಪಾಶ್ (ಲೈಂಗಿಕ ಕಿರುಕುಳ ತಡೆ) ಕಾಯ್ದೆಯಡಿ ಆಂತರಿಕ ಸಮಿತಿ ಕಡ್ಡಾಯ. ಕಡಿಮೆ ಇದ್ದರೆ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ. ಅದರ ವಿಳಾಸ ಸಿಬ್ಬಂದಿಗೆಲ್ಲ ಕಾಣುವಂತೆ ಹಾಕಿ.

ಹಂತ 7: ಸೋಮವಾರ ಬೆಳಿಗ್ಗೆ

ಜಾಯ್ನಿಂಗ್‌ಗಳು ಹೆಚ್ಚಾಗಿ ಸೋಮವಾರ. ಎಂಟೂವರೆಗೇ ರಿಕ್ರೂಟರ್ ಫೋನ್ ಮಾಡುತ್ತಾಳೆ: "ಸರ್, ಹೊರಟ್ರಾ? ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಇಟ್ಕೊಂಡ್ರಾ?" ಆ ಕಡೆಯಿಂದ ಸ್ವಿಚ್ ಆಫ್. ಒಂಬತ್ತಕ್ಕೆ ಮತ್ತೆ ಸ್ವಿಚ್ ಆಫ್. ಶನಿವಾರ ರಾತ್ರಿಯವರೆಗೆ "ಖಂಡಿತ ಮೇಡಂ, ಟೆನ್ಷನ್ ಮಾಡ್ಕೋಬೇಡಿ" ಎಂದವನೇ ಇವನು. ಹತ್ತೂವರೆಗೆ ಕ್ಲೈಂಟ್ ಕಡೆಯ ಎಚ್‌ಆರ್ ಫೋನ್ ಬರುತ್ತದೆ, ಏನ್ರೀ ನಿಮ್ಮ ಕ್ಯಾಂಡಿಡೇಟ್ ಎಲ್ಲಿ ಎಂದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಈ ಹುಡುಗಿ ಮಧ್ಯಾಹ್ನ ಡಬ್ಬಿ ತೆಗೆಯುವುದಿಲ್ಲ.

ಆ ಒಂದು ಗಂಟೆಯಲ್ಲಿ ಮಾಲೀಕರು ಏನು ಮಾಡುತ್ತಾರೆ ಎನ್ನುವುದನ್ನು ಇಡೀ ಕಚೇರಿ ನೋಡುತ್ತಿರುತ್ತದೆ. "ಫಾಲೋಅಪ್ ಸರಿ ಮಾಡಿಲ್ಲ" ಎಂದು ಎಲ್ಲರೆದುರು ಹೇಳಿದರೆ ಮುಂದಿನ ಬಾರಿ ಕೆಟ್ಟ ಸುದ್ದಿಯನ್ನು ಯಾರೂ ಬೇಗ ಹೇಳುವುದಿಲ್ಲ. ಮಾಡಬೇಕಾದದ್ದು ಇದು: ಎಚ್‌ಆರ್ ಫೋನ್ ನೀವೇ ಎತ್ತಿ. ಬೈಗುಳವಿದ್ದರೆ ನಿಮಗೇ ಬೀಳಲಿ. ಟ್ರ್ಯಾಕರ್ ತೆಗೆದು ಎರಡನೇ, ಮೂರನೇ ಸ್ಥಾನದಲ್ಲಿದ್ದವರಿಗೆ ನೀವೂ ಒಂದೆರಡು ಕಾಲ್ ಮಾಡಿ. ಯಾಕೆ ಕೈಕೊಟ್ಟ ಎಂಬ ಚರ್ಚೆ ಮರುದಿನದ ಮೀಟಿಂಗ್‌ಗೆ ಇರಲಿ. ಅದಕ್ಕೇ ಮಂಗಳವಾರ. ಆಗ ಕೇಳುವ ಪ್ರಶ್ನೆ, ನೋಟಿಸ್ ಪೀರಿಯಡ್‌ನಲ್ಲಿ ಯಾವ ಸೂಚನೆ ಇತ್ತು ಎಂಬುದು. ಆಫರ್ ಲೆಟರ್ ಬಂದ ಮೇಲೂ ರಾಜೀನಾಮೆಯ ಮೇಲ್ ತೋರಿಸಲಿಲ್ಲವೇ? ಜಾಯ್ನಿಂಗ್ ತಾರೀಖು ಎರಡು ಸಲ ಮುಂದೂಡಿದನೇ? ಹೀಗೆ ಕೂಡಿಟ್ಟ ಸೂಚನೆಗಳೇ ಹೊಸಬರಿಗೆ ಪಾಠವಾಗುತ್ತವೆ.

ಸೇರಿದ ದಿನದ ಸಂತೋಷಕ್ಕೂ ಜಾಗ ಬೇಕು. ಯಾರು ಸೇರಿದರು, ಯಾರು ಹುಡುಕಿದರು ಎಂದು ಹೆಸರು ಹಿಡಿದು ಹೇಳಿ. ಕ್ಲೈಂಟ್ ಮೆಚ್ಚಿ ಬರೆದ ಮೇಲ್ ಇದ್ದರೆ ಅದನ್ನು ಆ ರಿಕ್ರೂಟರ್‌ಗೇ ಕಳಿಸಿ, ಮಾಲೀಕರ ಇನ್‌ಬಾಕ್ಸ್‌ನಲ್ಲಿ ಉಳಿಯುವುದು ಬೇಡ.

ಹಂತ 8: ಹೊಸಬರಿಗೆ ಕಲಿಸಿ

ಬಿಕಾಂ, ಬಿಬಿಎ ಮುಗಿಸಿ ಬಂದವರಿಗೆ ಜಾವಾಗೂ ಜಾವಾಸ್ಕ್ರಿಪ್ಟ್‌ಗೂ ಸಂಬಂಧವಿಲ್ಲ ಎಂಬುದು ತಾನಾಗಿ ತಿಳಿದಿರುವುದಿಲ್ಲ. ಫೋನಿನಲ್ಲಿ ಕ್ಯಾಂಡಿಡೇಟ್ ನಕ್ಕಾಗ ತಿಳಿಯುವುದಕ್ಕಿಂತ ಕಚೇರಿಯಲ್ಲೇ ತಿಳಿಯಲಿ. ಮೊದಲ ಎರಡು ವಾರ ಟಾರ್ಗೆಟ್ ಇಲ್ಲ. ಹಿರಿಯರ ಪಕ್ಕ ಕೂತು ಕಾಲ್ ಕೇಳುವುದು, ವಾರಕ್ಕೊಂದು ತಂತ್ರಜ್ಞಾನ ಓದುವುದು. ಪರಿಚಯದ ಡೆವಲಪರ್ ಒಬ್ಬರನ್ನು ತಿಂಗಳಿಗೊಮ್ಮೆ ಕರೆಸಿ ಒಂದು ಗಂಟೆ ಮಾತಾಡಿಸಿ, ಗೌರವಧನ ಕೊಡಿ. ಕಲಿಸುವ ಹಿರಿಯರ ಟಾರ್ಗೆಟ್ ಆ ತಿಂಗಳು ಕಡಿಮೆ ಮಾಡದಿದ್ದರೆ ಯಾರೂ ಮನಸ್ಸಿಟ್ಟು ಕಲಿಸುವುದಿಲ್ಲ.

ಹತ್ತು ಜನರ ಕಚೇರಿಯಲ್ಲಿ ಬಡ್ತಿಗೆ ಮೆಟ್ಟಿಲುಗಳು ಹೆಚ್ಚಿಲ್ಲ. ಬೆಳವಣಿಗೆ ಎಂದರೆ ಇಲ್ಲಿ ಒಂದು ಕ್ಲೈಂಟ್‌ನ ಪೂರ್ತಿ ಹೊಣೆ. ಒಂದೂವರೆ ವರ್ಷವಾದವರನ್ನು ಕ್ಲೈಂಟ್ ಮೀಟಿಂಗ್‌ಗೆ ಜೊತೆಗೆ ಕರೆದುಕೊಂಡು ಹೋಗಿ, ಅವರಿಗೇ ಮಾತಾಡಲು ಬಿಡಿ.

ಹಂತ 9: ಬೇಡ ಎನ್ನಬೇಕಾದ ಕಡೆ ಬೇಡ ಎನ್ನಿ

ಕ್ಯಾಂಡಿಡೇಟ್ ಕಡೆಯಿಂದ ಒಂದು ರೂಪಾಯಿಯನ್ನೂ ಪಡೆಯಬೇಡಿ, ರಿಜಿಸ್ಟ್ರೇಷನ್ ಎಂದೂ ಬೇಡ, ಟ್ರೇನಿಂಗ್ ಎಂದೂ ಬೇಡ. ಕೆಲಸವಿಲ್ಲದ ಹುಡುಗರಿಂದ ದುಡ್ಡು ಕಿತ್ತು ಮೋಸ ಮಾಡುವವರು ಈ ಊರಿನಲ್ಲಿ ಬೇಕಾದಷ್ಟಿದ್ದಾರೆ. ಅಂಥ ಕಡೆ ದುಡಿಯುವ ರಿಕ್ರೂಟರ್ ಮನೆಯಲ್ಲಿ ತನ್ನ ಕೆಲಸ ಏನೆಂದು ಹೇಳಿಕೊಳ್ಳಲು ಹಿಂಜರಿಯುತ್ತಾಳೆ. ಇಲ್ಲದ ಹುದ್ದೆಗೆ ಜಾಹೀರಾತು ಹಾಕಿ ರೆಸ್ಯೂಮೆ ಸಂಗ್ರಹಿಸುವುದೂ ಹೀಗೆಯೇ.

ಸಿಬ್ಬಂದಿಯ ಮೇಲೆ ಏಕವಚನದಲ್ಲಿ ಕೂಗಾಡುವ ಕ್ಲೈಂಟ್ ಇದ್ದರೆ ಒಮ್ಮೆ ನೇರವಾಗಿ ಮಾತಾಡಿ. ನಿಲ್ಲದಿದ್ದರೆ ಬಿಡಿ. ಆ ತಿಂಗಳ ಬಿಲ್ಲಿಂಗ್ ಕುಸಿದರೂ ಒಬ್ಬ ಪಳಗಿದ ರಿಕ್ರೂಟರ್ ಬಿಟ್ಟುಹೋದರೆ ಆಗುವ ನಷ್ಟ ಅದಕ್ಕಿಂತ ದೊಡ್ಡದು. ಅವಳ ತಲೆಯಲ್ಲಿರುವ ಪರಿಚಯಗಳು ಯಾವ ಟ್ರ್ಯಾಕರ್‌ನಲ್ಲೂ ಇಲ್ಲ.

ಹಂತ 10: ಹೋಗುವವರನ್ನು ಕಳಿಸಿಕೊಡುವ ರೀತಿ

ಎಷ್ಟು ಚೆನ್ನಾಗಿ ನೋಡಿಕೊಂಡರೂ ಕೆಲವರು ಹೋಗುತ್ತಾರೆ. ಮದುವೆಯಾಗಿ ಬೇರೆ ಊರಿಗೆ, ದೊಡ್ಡ ಕಂಪನಿಯ ಎಚ್‌ಆರ್ ವಿಭಾಗಕ್ಕೆ, ಕೆಲವರು ಸ್ವಂತ ಕನ್ಸಲ್ಟೆನ್ಸಿಗೆ. ರಾಜೀನಾಮೆ ಕೊಟ್ಟ ಮರುದಿನವೇ ಪೋರ್ಟಲ್ ಪಾಸ್‌ವರ್ಡ್ ಬದಲಿಸಿ, ಕ್ಲೈಂಟ್ ಕದಿಯುತ್ತಾರೆಂದು ಅನುಮಾನಿಸಿ, ರಿಲೀವಿಂಗ್ ಲೆಟರ್‌ಗೆ ಎರಡು ತಿಂಗಳು ಅಲೆಸಿದರೆ, ಉಳಿದ ಏಳು ಜನ ತಮ್ಮ ಸರದಿ ಬಂದಾಗ ಏನಾಗುತ್ತದೆ ಎಂದು ಆಗಲೇ ಲೆಕ್ಕ ಹಾಕುತ್ತಾರೆ.

2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ಕೆಲಸ ಬಿಟ್ಟವರ ಬಾಕಿ ವೇತನ ಎರಡು ಕೆಲಸದ ದಿನದೊಳಗೆ ಪಾವತಿಯಾಗಬೇಕು. ಕೊನೆಯ ದಿನ ಆ ಲೆಕ್ಕ ಮತ್ತು ರಿಲೀವಿಂಗ್ ಲೆಟರ್ ಎರಡೂ ಸಿದ್ಧವಿರಲಿ. ಅವರು ಹುಡುಕಿದ ಕ್ಯಾಂಡಿಡೇಟ್‌ಗಳಲ್ಲಿ ಇನ್ನೂ ನೋಟಿಸ್ ಪೀರಿಯಡ್‌ನಲ್ಲಿರುವವರ ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಿ: ಇವರು ಸೇರಿದಾಗ ಇಷ್ಟು ನಿಮ್ಮ ಪಾಲು, ಕೊನೆಯವರೆಗೆ ನೋಡಿಕೊಂಡ ಸಹೋದ್ಯೋಗಿಗೆ ಇಷ್ಟು. ಅವರು ಹೋಗಿ ಮೂರು ತಿಂಗಳಾದ ಮೇಲೆ ಅದರಲ್ಲಿ ಒಬ್ಬರು ಸೇರಿದರೆ, ಅದೇ ವಾರ ಹಣ ಅವರ ಖಾತೆಗೆ ಹಾಕಿ, ಫೋನ್ ಮಾಡಿ ಹೇಳಿ.